ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ರೇಡಿಯೇಟರ್: ಕಂಪನಿದಾ, ಹೊರಗಡೆದಾ, ಯಾವುದಿದ್ರೆ ಗಾಡಿ ತಗೋಬೋದು

ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆ ಹುಡುಗ್ರು ಸೆಕೆಂಡ್ ಹ್ಯಾಂಡಲ್ಲಿ ಸ್ಪೋರ್ಟ್ಸ್ ಗಾಡಿ ಹುಡುಕೋಕೆ ಶುರು ಮಾಡಿದ್ರೆ ಲಿಸ್ಟು ಸುಮಾರು ಇಷ್ಟೇ, ಆಕ್ಟೇವಿಯಾ ಆರ್‌ಎಸ್, ಪೋಲೋ ಜಿಟಿಐ, ಪುಂಟೋ ಅಬಾರ್ತ್, ಹಳೇ ಹೋಂಡಾ ಸಿಟಿ ವಿಟೆಕ್, ಕೈಯಲ್ಲಿ ದುಡ್ಡು ಜಾಸ್ತಿ ಓಡಾಡೋರಿಗೆ ನಿಸ್ಸಾನ್ 370ಝಡ್ ಇಲ್ಲಾ ಬಾಕ್ಸ್‌ಸ್ಟರ್. ನೋಡೋಕೆ ಹೋಗಿ ಬಾನೆಟ್ ಎತ್ತಿಸಿದ್ರೆ ಒಂದು ಗಾಡಿಲಿ ಕರೀ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಇರುತ್ತೆ, ಇನ್ನೊಂದ್ರಲ್ಲಿ ಪಳಪಳ ಹೊಳೆಯೋ ಅಲ್ಯೂಮಿನಿಯಂದು. ಮಾರೋ ಪಾರ್ಟಿ ಮೊದಲನೇದಕ್ಕೆ "ಎಲ್ಲಾ ಒರಿಜಿನಲ್ ಸರ್, ಒಂದು ಬೋಲ್ಟ್ ಬಿಚ್ಚಿಲ್ಲ" ಅಂತಾನೆ, ಎರಡನೇದಕ್ಕೆ "ಅಪ್‌ಗ್ರೇಡ್ ಮಾಡ್ಸಿದೀನಿ ಸರ್, ಎಷ್ಟ್ ಖರ್ಚಾಗೈತೆ ಗೊತ್ತಾ" ಅಂತಾನೆ. ಎರಡೂ ಕೇಳೋಕೆ ಚೆನ್ನಾಗೇ ಇರ್ತವೆ. ಆದ್ರೆ ಒರಿಜಿನಲ್ಲಾ ಅಲ್ವಾ ಅನ್ನೋದಕ್ಕಿಂತ ಮುಂಚೆ ಕೇಳ್ಬೇಕಾಗಿರೋದು, ಚೇಂಜ್ ಮಾಡಿದ್ರೆ ಯಾಕ್ ಮಾಡಿದ್ರು, ಮಾಡಿಲ್ಲ ಅಂದ್ರೆ ಇನ್ನೂ ಯಾಕ್ ಮಾಡಿಲ್ಲ ಅಂತ. ಇದಕ್ಕೆ ಉತ್ತರ ಸಿಕ್ಕಿದ್ರೆ ಅರ್ಧ ಡಿಸಿಷನ್ ಆದಂಗೆ.

ಯಾವ್ ಲೆಕ್ಕದಲ್ಲಿ ಅಳೀಬೇಕು ಅನ್ನೋದು ಮೊದ್ಲು ಹೇಳ್ಬಿಡ್ತೀನಿ. ಒಂದು, ಗಾಡಿ ನೀವು ಹೆಂಗ್ ಓಡಿಸ್ತೀರಿ: ದಿನಾ ಆಫೀಸಿಗಾ, ಭಾನುವಾರ ಮಾತ್ರ ಹೈವೇಗಾ, ಇಲ್ಲಾ ವರ್ಷಕ್ಕೊಂದ್ಸಲ ಟ್ರ್ಯಾಕಿಗಾ. ಎರಡು, ಎಂಜಿನ್ ಸ್ಟಾಕ್ (ಕಂಪನಿ ಕೊಟ್ಟಂಗೇ) ಇದೆಯಾ, ರೀಮ್ಯಾಪ್ (ಪವರ್ ಏರಿಸೋಕೆ ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸೋದು) ಆಗಿದೆಯಾ, ಯಾಕಂದ್ರೆ ಪವರ್ ಏರಿಸಿದ್ರೆ ಬಿಸಿನೂ ಏರುತ್ತೆ, ಅದನ್ನ ಹೊರಗೆ ಹಾಕೋ ಕೆಲಸ ರೇಡಿಯೇಟರ್ದೇ. ಮೂರು, ಫಿಟಿಂಗು, ಫ್ಯಾನು, ಶ್ರೌಡು (ಫ್ಯಾನ್ ಸುತ್ತ ಇರೋ ಕವಚ), ಮೌಂಟು ಎಲ್ಲಾ ಅದರದರ ಜಾಗದಲ್ಲಿ ಕೂತಿದಾವಾ ಅಂತ. ನಾಕು, ನಾಳೆ ಇದು ಹೋದ್ರೆ ಇನ್ನೊಂದು ಎಷ್ಟು ದಿನಕ್ಕೆ ಬರುತ್ತೆ. ಇನ್ನು ದುಡ್ಡಿನ ವಿಷಯಕ್ಕೆ ಬಂದ್ರೆ, ರೇಡಿಯೇಟರ್ ರೇಟು ನೋಡಿ ಲೆಕ್ಕ ಹಾಕ್ಬೇಡಿ, ಅದು ಕೈಕೊಟ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಮೇಲ್ಭಾಗದ ಸೀಲು) ಹೋಗಿ ಹೆಡ್ ಬೆಂಡಾಗಿ ಬರೋ ಬಿಲ್ ನೋಡಿ ಹಾಕ್ರಿ, ಟರ್ಬೋ ಪೆಟ್ರೋಲ್ ಗಾಡಿಗೆ ಆ ಬಿಲ್ ಮುಂದೆ ಯಾವ ರೇಡಿಯೇಟರ್ರೂ ದುಬಾರಿ ಅನ್ಸಲ್ಲ.

ನಮ್ಮೂರಿಗೆ ಅಂತಾನೇ ಇನ್ನೊಂದು ಲೆಕ್ಕ ಐತೆ, ಬಿಸಿಲು ಮತ್ತೆ ನೀರು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ 38, 39 ಡಿಗ್ರಿ ಮಾಮೂಲಿ. ಬೋರ್ ನೀರಂತೂ ಕೇಳ್ಲೇಬೇಡಿ, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆ ಪಾತ್ರೆ ಇಟ್ರೆ ತಳದಲ್ಲಿ ಬಿಳೀ ಪದರ ಕಟ್ಟುತ್ತೆ. ಕೂಲಂಟ್ ಕಮ್ಮಿ ಆಯ್ತು ಅಂತ ಯಾರೋ ಪೆಟ್ರೋಲ್ ಬಂಕಲ್ಲಿ ಆ ನೀರನ್ನೇ ಹುಯ್ದಿದ್ರೆ ಅದೇ ಪದರ ರೇಡಿಯೇಟರ್ ಟ್ಯೂಬ್ ಒಳಗೂ ಕಟ್ಟಿರುತ್ತೆ. ಒರಿಜಿನಲ್ಲೇ ಇರ್ಲಿ, ಜಪಾನಿಂದೇ ಇರ್ಲಿ, ಒಳಗೆ ಕಟ್ಕೊಂಡ ಮೇಲೆ ಎರಡೂ ಒಂದೇ.

ಗುರುತು ಹಿಡಿಯೋದು ಹೆಂಗೆ

ಗಾಡಿ ತಣ್ಣಗಿದ್ದಾಗ ನೋಡ್ಬೇಕು, ಇದು ಮೊದಲನೇ ರೂಲು. ಬಿಸಿ ಇದ್ದಾಗ ಕ್ಯಾಪ್ ಮುಟ್ಟಬ್ಯಾಡ್ರಿ, ಒಳಗೆ ಪ್ರೆಶರ್ ಇರುತ್ತೆ, ತೆಗೆದ ತಕ್ಷಣ ಮುಖಕ್ಕೆ ಹಾರುತ್ತೆ. ನೀವು ಹೋಗೋದ್ರೊಳಗೆ ಪಾರ್ಟಿ ಎಂಜಿನ್ ಸ್ಟಾರ್ಟ್ ಮಾಡಿ ಬೆಚ್ಚಗೆ ಇಟ್ಟಿದ್ರೆ ಸುಮ್ನೆ "ಬರ್ರಿ ಬೆಣ್ಣೆ ದೋಸೆ ತಿಂದು ಬರೋಣ" ಅಂತ ಕರ್ಕೊಂಡು ಹೋಗ್ರಿ, ಇನ್ನೊಂದು ಟೀ ಕುಡಿಸ್ರಿ, ಮಾತಾಡ್ಕಂತ ಕೂರ್ರಿ, ಎಂಜಿನ್ ಪೂರ್ತಿ ಆರೋಕೆ ಒಂದೆರಡು ತಾಸಾದ್ರೂ ಬೇಕು. ಕೋಲ್ಡ್ ಸ್ಟಾರ್ಟ್ ನೋಡೋಕೂ ಅದೇ ಟೈಮು.

ಈಗಿನ ಗಾಡಿಗಳಲ್ಲಿ ರೇಡಿಯೇಟರ್ ನೇರವಾಗಿ ಕಾಣಲ್ಲ, ಮುಂದ್ಗಡೆ ಎ.ಸಿ. ಕಂಡೆನ್ಸರ್, ಟರ್ಬೋ ಗಾಡಿ ಆದ್ರೆ ಎಷ್ಟೋ ಮಾಡೆಲಲ್ಲಿ ಇಂಟರ್‌ಕೂಲರ್ರೂ (ಟರ್ಬೋ ಗಾಳಿ ತಣ್ಣಗೆ ಮಾಡೋದು) ಅಲ್ಲೇ, ಹಿಂದ್ಗಡೆ ಫ್ಯಾನು. ಗ್ರಿಲ್ ಸಂದಿಲಿ ಇಣುಕಿ ನೋಡಿ "ಹೊಸದಾಗಿ ಹೊಳೀತೈತೆ" ಅಂದ್ಕೋಬ್ಯಾಡ್ರಿ, ಅದು ಕಂಡೆನ್ಸರ್. ಮೇಲಿರೋ ಪ್ಲಾಸ್ಟಿಕ್ ಕವರ್ ತೆಗೆಸಿ, ಮೊಬೈಲ್ ಟಾರ್ಚ್ ಹಾಕ್ಕೊಂಡು, ಸೈಡಲ್ಲಿರೋ ಟ್ಯಾಂಕ್ ನೋಡ್ಬೇಕು. ಕೈ ಹೋಗದ ಕಡೆ ವೀಡಿಯೋ ಆನ್ ಮಾಡಿ ಮೊಬೈಲ್ ಒಳಗೆ ತೂರ್ಸಿ ಆಮೇಲೆ ನೋಡ್ಕೊಳ್ರಿ.

ಕಂಪನಿ ರೇಡಿಯೇಟರ್ ಅಂದ್ರೆ ಈಗ ಸುಮಾರು ಎಲ್ಲಾ ಗಾಡಿಲೂ ಅಲ್ಯೂಮಿನಿಯಂ ಕೋರು (ಟ್ಯೂಬು, ಫಿನ್ ಇರೋ ಮಧ್ಯದ ಭಾಗ), ಎರಡು ಸೈಡಿಗೆ ಇಲ್ಲಾ ಮೇಲೆ ಕೆಳಗೆ ಕರೀ ಪ್ಲಾಸ್ಟಿಕ್ ಟ್ಯಾಂಕು. ಟ್ಯಾಂಕು ಕೋರು ಸೇರೋ ಜಾಗದಲ್ಲಿ ಅಲ್ಯೂಮಿನಿಯಂ ಹಲ್ಲುಗಳು ಸಾಲಾಗಿ ಮಡಚಿರ್ತವೆ, ಒಂದೇ ಅಳತೆಲಿ, ಮಿಷಿನ್ ಕೆಲಸ ಅಂತ ನೋಡಿದ್ರೇ ಗೊತ್ತಾಗುತ್ತೆ. ಅಲ್ಲಲ್ಲಿ ಹಲ್ಲು ಎದ್ದಿದ್ರೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಿದ ಗಾಯ ಇದ್ರೆ, ಯಾರೋ ಟ್ಯಾಂಕ್ ಬಿಚ್ಚಿ ಕ್ಲೀನ್ ಮಾಡ್ಸಿ ವಾಪಸ್ ಕೂರ್ಸಿದಾರೆ ಅಂತ ಅರ್ಥ. ಪ್ಲಾಸ್ಟಿಕ್ ಮೇಲೆ ಉಬ್ಬಕ್ಷರದಲ್ಲಿ ಪಿಎ66-ಜಿಎಫ್30 ಅಂತ ಇರೋದು ಸಾಮಾನ್ಯ, ಅದು ಗ್ಲಾಸ್ ಫೈಬರ್ ಸೇರ್ಸಿರೋ ನೈಲಾನು, ಅಷ್ಟಕ್ಕೇ ಒರಿಜಿನಲ್ ಅಂತ ನಂಬ್ಬೇಡಿ, ಹೊರಗಡೆ ಮಾಲಲ್ಲೂ ಇದನ್ನೇ ಹಾಕ್ತಾರೆ.

ನಿಜವಾದ ಮಜಾ ಇರೋದು ಡೇಟ್ ಗುರುತಲ್ಲಿ. ಟ್ಯಾಂಕ್ ಮೇಲೆ ಎಲ್ಲಾದ್ರೂ ಒಂದ್ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿ ಒಂದು ದುಂಡನೇ ಗುರುತು ಇರುತ್ತೆ, ಸುತ್ತ 1ರಿಂದ 12, ಮಧ್ಯದಲ್ಲಿ ಒಂದು ಬಾಣ, ಬಾಣದ ಎಡಕ್ಕೊಂದು ಬಲಕ್ಕೊಂದು ಅಂಕಿ. ಬಾಣ 9 ಕಡೆ ತಿರುಗಿ, ಎಡಕ್ಕೆ 1 ಬಲಕ್ಕೆ 6 ಅಂತಿದ್ರೆ ಆ ಪ್ಲಾಸ್ಟಿಕ್ ಅಚ್ಚಾಗಿದ್ದು 2016ರ ಸೆಪ್ಟೆಂಬರ್. ಧೂಳು ಎಣ್ಣೆ ಮೆತ್ಕೊಂಡಿರುತ್ತೆ, ಬಟ್ಟೇಲಿ ಒರೆಸಿ ಟಾರ್ಚ್ ಅಡ್ಡಡ್ಡ ಹಿಡಿದ್ರೆ ಅಂಕಿ ನೆರಳು ಬಿದ್ದು ಓದೋಕೆ ಬರುತ್ತೆ. ಈಗ ಆರ್‌ಸಿ ತೆಗೀರಿ, ಗಾಡಿ ತಯಾರಾದ ತಿಂಗಳು ವರ್ಷ ಅದ್ರಲ್ಲಿ ಇರುತ್ತೆ. ಟ್ಯಾಂಕ್ ಡೇಟು ಗಾಡಿಗಿಂತ ಕೆಲವು ತಿಂಗಳು ಮುಂಚೆ ಇದ್ರೆ ಸರಿ, ಫ್ಯಾಕ್ಟರಿಯಿಂದ ಬಂದಿದ್ದೇ. ಗಾಡಿ 2016ರದ್ದು, ಟ್ಯಾಂಕು 2021ರದ್ದು ಅಂದ್ರೆ ಎಷ್ಟೇ ಒರಿಜಿನಲ್ ಸ್ಟಿಕ್ಕರ್ ಇದ್ರೂ ಅದು ಆಮೇಲೆ ಹಾಕಿದ್ದು. ಒಂದು ಬೋಲ್ಟ್ ಬಿಚ್ಚಿಲ್ಲ ಅನ್ನೋ ಡೈಲಾಗ್ ಅಲ್ಲಿಗೆ ಮುಗೀತು.

ಪಾರ್ಟ್ ನಂಬರ್ ಸ್ಟಿಕ್ಕರ್ ಉಳ್ಕೊಂಡಿದ್ರೆ ಅದನ್ನೂ ಓದ್ರಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದ್ರೆ ನಂಬರ್ ಮಧ್ಯದಲ್ಲಿ 121 251 ಇಲ್ಲಾ 121 253 ಬರೋದು ರೇಡಿಯೇಟರ್ ಗುರುತು, ಹೋಂಡಾದಲ್ಲಿ 19010ರಿಂದ ಶುರು, ಟೊಯೋಟಾದಲ್ಲಿ 16400. ಇನ್ನೊಂದು ವಿಷಯ, ಕಾರ್ ಕಂಪನಿಗಳು ರೇಡಿಯೇಟರ್ ತಾವೇ ಮಾಡಲ್ಲ, ವ್ಯಾಲಿಯೋ, ಮಾಲೆ ಬೆಹರ್, ಡೆನ್ಸೋ ತರದೋರ ಹತ್ರ ಮಾಡಿಸ್ತಾರೆ. ಅದೇ ಮಾಲು ಅದೇ ಫ್ಯಾಕ್ಟರಿಯಿಂದ ಕಾರ್ ಲೋಗೋ ಇಲ್ದೆ ಅಂಗಡಿಗೂ ಬರುತ್ತೆ, ಕೆಲವೊಂದ್ಸಲ ಲೋಗೋ ಇದ್ದ ಜಾಗ ಕೆರೆದಿರೋದೂ ಕಾಣುತ್ತೆ. ಲೋಗೋ ಇಲ್ಲ ಅಂದ ತಕ್ಷಣ ಡುಪ್ಲಿಕೇಟ್ ಅಂತ ಹೇಳೋ ಮೆಕ್ಯಾನಿಕ್ ಮಾತು ಅಷ್ಟಕ್ಕಷ್ಟೆ.

ಫುಲ್ ಅಲ್ಯೂಮಿನಿಯಂದು ಗುರುತು ಹಿಡಿಯೋದು ಸುಲಭ. ಟ್ಯಾಂಕೂ ಲೋಹದ್ದೇ, ಮೂಲೆಗಳಲ್ಲಿ ವೆಲ್ಡಿಂಗ್ ಗೆರೆ, ಒಳ್ಳೇ ಕಂಪನಿದಾದ್ರೆ ಆ ಗೆರೆ ಮೀನಿನ ಹುರುಪೆ ತರ ಒಂದರ ಮೇಲೊಂದು ಸಮವಾಗಿ ಕೂತಿರುತ್ತೆ, ಲೋಕಲ್ ಆದ್ರೆ ಗಂಟು ಗಂಟು, ಮೇಲೆ ಗ್ರೈಂಡರ್ ಹೊಡೆದಿರೋ ಗೀರು. ಡ್ರೈನ್ ಪ್ಲಗ್ ಕಂಪನಿದ್ರಲ್ಲಿ ಪ್ಲಾಸ್ಟಿಕ್ಕು, ಇದ್ರಲ್ಲಿ ಲೋಹದ ಬೋಲ್ಟು. ಕೋರ್ ದಪ್ಪ ಸೈಡಿಂದ ನೋಡ್ರಿ, ಸ್ಟಾಕಲ್ಲಿ ಒಂದು ಇಂಚಿನ ಆಸುಪಾಸು ಇಲ್ಲಾ ಅದಕ್ಕಿಂತ ಕಮ್ಮಿ, ಪರ್ಫಾರ್ಮೆನ್ಸ್ ರೇಡಿಯೇಟರಲ್ಲಿ 36 ಮಿಲಿಮೀಟರಿಂದ 50ರ ಮೇಲೂ ಹೋಗುತ್ತೆ. ಕೆಲವರು ಕರೀ ಪೇಂಟ್ ಹೊಡ್ಸಿರ್ತಾರೆ, ಬಣ್ಣ ನೋಡಿ ಮೋಸ ಹೋಗ್ಬ್ಯಾಡ್ರಿ, ಉಗುರಲ್ಲಿ ಟ್ಯಾಂಕ್ ತಟ್ಟಿದ್ರೆ ಸೌಂಡೇ ಹೇಳುತ್ತೆ ಪ್ಲಾಸ್ಟಿಕ್ಕಾ ಲೋಹನಾ ಅಂತ.

ಡೇಟ್ ಹೊಂದ್ಲಿಲ್ಲ, ಇಲ್ಲಾ ಹೊರಗಡೆ ಮಾಲು ಅಂತ ಗೊತ್ತಾಯ್ತು ಅಂದ್ರೆ ಸುತ್ತಮುತ್ತ ನೋಡ್ರಿ. ಮುಂದಿನ ಕ್ರಾಸ್ ಮೆಂಬರ್ ಬೋಲ್ಟ್ ತಲೆ ಮೇಲೆ ಸ್ಪ್ಯಾನರ್ ಗುರುತು, ಪೇಂಟ್ ಕಿತ್ತಿರೋದು, ಎರಡು ಹೆಡ್‌ಲೈಟಲ್ಲಿ ಒಂದು ಹೊಸದು ಒಂದು ಮಂಕು, ಕಂಡೆನ್ಸರ್ರೂ ಹೊಸದು, ಬಂಪರ್ ಸಂದಿ ಎಡಕ್ಕೊಂದು ಅಳತೆ ಬಲಕ್ಕೊಂದು ಅಳತೆ, ಇಷ್ಟೂ ಸೇರಿದ್ರೆ ಗಾಡಿ ಮುಂದ್ಗಡೆ ಹೊಡೆಸ್ಕೊಂಡಿದೆ. ಸುತ್ತ ಎಲ್ಲಾ ಹಳೇದೇ, ರೇಡಿಯೇಟರ್ ಹೋಸು, ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟ್ ಬಿಡೋ ವಾಲ್ವು) ಮಾತ್ರ ಹೊಸದು ಅಂದ್ರೆ ಲೀಕಿಗೋ ಹೀಟಿಗೋ ಹಾಕ್ಸಿರೋದು, ಅದಕ್ಕೆ ಬಿಲ್ ಕೇಳ್ರಿ. ಬಿಲ್ ಇದ್ರೆ ಡೇಟು, ಕಿಲೋಮೀಟರ್ ಎರಡೂ ಸಿಗುತ್ತೆ, ಜೊತೆಗೆ ಹೆಡ್ ಬಿಚ್ಚಿದ್ರಾ ಇಲ್ವಾ ಅಂತಾನೂ.

ಇನ್ನು ಒಂದೊಂದಾಗಿ ತೂಗಿ ನೋಡಣ

ಗಾಡಿ ಜೊತೆ ಬಂದಿರೋ ಹಳೇ ಒರಿಜಿನಲ್. ಇದರ ದೊಡ್ಡ ಪ್ಲಸ್ಸು ಫಿಟಿಂಗು, ಫ್ಯಾನ್ ಶ್ರೌಡಿಗೂ ಕೋರಿಗೂ ಮಧ್ಯೆ ಸಂದಿ ಇಲ್ಲ, ರಬ್ಬರ್ ಬುಷ್ ಮೇಲೆ ಕೂತಿದೆ, ಗಾಳಿ ಪೂರ್ತಿ ಕೋರ್ ಮೂಲಕಾನೇ ಹೋಗುತ್ತೆ. ಇನ್ನೊಂದು ಪ್ಲಸ್ಸು, ಮುಂದ್ಗಡೆ ದೊಡ್ಡ ಆಕ್ಸಿಡೆಂಟ್ ಆಗಿಲ್ಲ ಅನ್ನೋದಕ್ಕೆ ಇದೊಂದು ಸಾಕ್ಷಿ. ಮೈನಸ್ಸು ವಯಸ್ಸು. ಪ್ಲಾಸ್ಟಿಕ್ ಬಿಸಿ ತಂಪು ಬಿಸಿ ತಂಪು ಆಗಿ ಆಗಿ ಗಡುಸಾಗಿ, ಹೋಸ್ ಕೂರೋ ಕತ್ತಿನ ಹತ್ರ ಕಂದು ಬಣ್ಣಕ್ಕೆ ತಿರುಗುತ್ತೆ, ಅಲ್ಲೇ ಕೂದಲೆಳೆ ಬಿರುಕು ಬರೋದು. ಮಡಚಿದ ಹಲ್ಲಿನ ಸಾಲಲ್ಲಿ ಬಿಳಿ, ಗುಲಾಬಿ ಇಲ್ಲಾ ಹಸಿರು ಪುಡಿ ಕಟ್ಟಿದ್ರೆ ಒಳಗಿನ ರಬ್ಬರ್ ಸೀಲ್ ಹೋಗ್ತಾ ಐತೆ, ಕೂಲಂಟ್ ಸೋರಿ ಒಣಗಿದ ಗುರುತು ಅದು. ಹತ್ತು ವರ್ಷದ ಗಾಡಿಲಿ ಇನ್ನೂ ಮೊದಲನೇ ರೇಡಿಯೇಟರ್ರೇ ಐತೆ ಅಂದ್ರೆ ಖುಷಿ ಪಡ್ರಿ, ಆದ್ರೆ ರೇಟ್ ಮಾತಾಡುವಾಗ ಹೊಸ ರೇಡಿಯೇಟರ್, ಹೋಸು, ಥರ್ಮೋಸ್ಟಾಟ್, ಕೂಲಂಟ್ ಖರ್ಚು ಕಳೆದೇ ಮಾತಾಡ್ರಿ.

ಹೊಸ ಕಂಪನಿ ಮಾಲು, ಇಲ್ಲಾ ಅದನ್ನ ಮಾಡಿಕೊಡೋ ಕಂಪನಿದೇ ಲೋಗೋ ಇಲ್ದೇ ಇರೋದು. ನನ್ನ ಕೇಳಿದ್ರೆ ಸ್ಟಾಕ್ ಎಂಜಿನ್ ಇಟ್ಕೊಂಡು ಊರೊಳಗೆ, ಹೈವೇಲಿ ಓಡಿಸೋ ನೂರಕ್ಕೆ ತೊಂಬತ್ತು ಜನಕ್ಕೆ ಇದೇ ಸರಿ. ಫಿಟಿಂಗ್ ತಲೆನೋವಿಲ್ಲ, ಅಂಗಡಿಲಿ ತಗೊಂಡ್ರೆ ಷೋರೂಂ ರೇಟಿಗಿಂತ ಕಮ್ಮಿಗೂ ಸಿಗುತ್ತೆ. ಕಷ್ಟ ಏನಪ್ಪ ಅಂದ್ರೆ ಸಿಗೋದೇ. ಪೋಲೋ ಜಿಟಿಐ ಪೂರ್ತಿ ಹೊರದೇಶದಿಂದ ಬಂದ ಮೂರು ಡೋರಿನ ಗಾಡಿ, 1.8 ಲೀಟರ್ ಟರ್ಬೋ, 192 ಪಿಎಸ್, ನಮ್ಮಲ್ಲಿ ಮಾಮೂಲಿ ಓಡಾಡೋ ಪೋಲೋದು ತಂದು ಕೂರ್ಸಣ ಅನ್ನೋ ಲೆಕ್ಕ ಬ್ಯಾಡ. ಆಕ್ಟೇವಿಯಾ ಆರ್‌ಎಸ್ 245 ಇಂಡಿಯಾಗೆ ಬಂದಿದ್ದೇ 2020ರಲ್ಲಿ 200 ಗಾಡಿ. ಫಿಯಟ್ ಕಾರ್ ಮಾರೋದನ್ನೇ 2019ರಲ್ಲಿ ನಿಲ್ಲಿಸ್ತು, ಅಬಾರ್ತ್ ತಗೊಳ್ಳೋರು ಇದನ್ನ ತಲೇಲಿ ಇಟ್ಕೋಬೇಕು. ಚಾಸಿಸ್ ನಂಬರ್ ಕೊಟ್ಟು ಗಾಡಿ ತಗೊಳ್ಳೋಕೆ ಮುಂಚೇನೇ ಸಿಗುತ್ತಾ, ಎಷ್ಟು ದಿನ, ಎಷ್ಟು ರೇಟು ಅಂತ ಕೇಳ್ಬಿಡಿ, ದಾವಣಗೆರೆಲಿ ಸಿಗ್ಲಿಲ್ಲ ಅಂದ್ರೆ ಬೆಂಗಳೂರು ಜೆ.ಸಿ. ರೋಡಲ್ಲಿ ವಿಚಾರಿಸ್ರಿ.

ಕಡಿಮೆ ರೇಟಿನ ಕಾಪಿ. ನೋಡೋಕೆ ಒರಿಜಿನಲ್ ತರಾನೇ, ಕರೀ ಟ್ಯಾಂಕು, ಡಬ್ಬದ ಮೇಲೆ ಹೆಸರು ಕೇಳಿರದ ಬ್ರಾಂಡು. ವ್ಯತ್ಯಾಸ ಇರೋದು ಕೋರಲ್ಲಿ, ಫಿನ್ ವಿರಳವಾಗಿರ್ತವೆ, ಟ್ಯೂಬ್ ಕಮ್ಮಿ, ಪ್ಲಾಸ್ಟಿಕ್ ತೆಳು. ಮೌಂಟ್ ಪಿನ್ ಒಂದು ಕೂದಲಷ್ಟು ಅತ್ಲಾಗಿತ್ಲಾಗಿದ್ದು ಫಿಟ್ಟರ್ ವಾಷರ್ ಹಾಕಿ, ಕೇಬಲ್ ಟೈ ಕಟ್ಟಿ ಕೂರ್ಸಿರ್ತಾನೆ, ಆ ಟೈಗಳೇ ಇದರ ಗುರುತು. ಅಪ್ಪನ ಹಳೇ ಸೆಡಾನಿಗಾದ್ರೆ ನಡೆಯುತ್ತೆ ಬಿಡ್ರಿ, ಟರ್ಬೋ ಗಾಡಿಗೆ, ಅದ್ರಲ್ಲೂ ಮೇ ತಿಂಗಳಲ್ಲಿ ಎ.ಸಿ. ಫುಲ್ ಇಟ್ಕೊಂಡು ಓಡಿಸೋರಿಗೆ ನಾನಂತೂ ಬ್ಯಾಡ ಅಂತೀನಿ. ಗಾಡಿಲಿ ಇದು ಇದ್ರೆ ಗಾಡಿ ಬಿಡ್ಬೇಕು ಅಂತೇನಿಲ್ಲ, ಬದಲಾಯಿಸೋ ಖರ್ಚು ಕಳೀರಿ ಅಷ್ಟೆ. ಆದ್ರೆ ಇಂಥಾ ಗಾಡಿಗೆ ಕಾಪಿ ಹಾಕಿದೋನು ಟೈಮಿಂಗು, ಕ್ಲಚ್ಚು, ಬ್ರೇಕ್ ಪ್ಯಾಡಲ್ಲಿ ಏನೇನ್ ಉಳಿಸಿದಾನೋ ಅಂತ ಒಂದು ಡೌಟ್ ಇಟ್ಕೊಂಡೇ ಮುಂದೆ ನೋಡ್ರಿ.

ಫುಲ್ ಅಲ್ಯೂಮಿನಿಯಂ, ಬ್ರಾಂಡೆಡ್. ಕೋಯೋ, ಮಿಶಿಮೋಟೋ, ಸಿಎಸ್‌ಎಫ್ ಇಂಥ ಹೆಸರು. ಪ್ಲಾಸ್ಟಿಕ್ ಬಿರುಕಿನ ಭಯ ಇಲ್ಲ, ಕೂಲಂಟ್ ಜಾಸ್ತಿ ಹಿಡಿಯುತ್ತೆ, ದಪ್ಪ ಕೋರು. ರೀಮ್ಯಾಪ್ ಆಗಿರೋ ಗಾಡಿಗೆ, ಟ್ರ್ಯಾಕಲ್ಲಿ ರೌಂಡ್ ಹೊಡಿಯೋರಿಗೆ ಕೊಟ್ಟ ದುಡ್ಡಿಗೆ ನ್ಯಾಯ. ಆದ್ರೆ ದಪ್ಪ ಇದ್ದಷ್ಟೂ ತಂಪು ಅನ್ನೋದು ಸುಳ್ಳು. ಗಾಡಿ ಓಡ್ತಿದ್ರೆ ಗಾಳಿ ನುಗ್ಗುತ್ತೆ ಸರಿ, ಪಿ.ಬಿ. ರೋಡಲ್ಲಿ ಸಂಜೆ ಹೊತ್ತು ಬಸ್ ಹಿಂದೆ ನಿಂತಾಗ ಗಾಳಿ ಎಳೆಯೋದು ಫ್ಯಾನ್ ಒಂದೇ, ದಪ್ಪ ಕೋರಿಂದ ಎಳೆಯೋಕೆ ಅದಕ್ಕೆ ಕಷ್ಟ. ಅದ್ರ ಮೇಲೆ ಜಾಗ ಸಾಲ್ಲಿಲ್ಲ ಅಂತ ಕಂಪನಿ ಶ್ರೌಡ್ ಕಿತ್ತಾಕಿ ತೆಳು ಫ್ಯಾನ್ ಒಂದನ್ನ ಕೋರಿಗೇ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ರೆ, ಫ್ಯಾನ್ ಮುಂದಿರೋ ದುಂಡನೇ ಜಾಗ ಬಿಟ್ಟು ಉಳಿದ ಕೋರಿಗೆ ಗಾಳಿನೇ ಇಲ್ಲ. ಇಂಥಾ ಗಾಡಿ ಹೈವೇಲಿ ತಣ್ಣಗಿರುತ್ತೆ, ಸಿಗ್ನಲಲ್ಲಿ ಕುದಿಯುತ್ತೆ. ಹಂಗಾಗಿ ಅಲ್ಯೂಮಿನಿಯಂದು ಇದ್ರೆ ನಾನು ರೇಡಿಯೇಟರ್ ಬ್ರಾಂಡಿಗಿಂತ ಮೊದ್ಲು ಶ್ರೌಡ್ ಐತಾ ಅಂತ ನೋಡೋದು. ಅರ್ಥಿಂಗ್ ಸರಿ ಇಲ್ಲದಿದ್ರೆ, ಬರೀ ನಲ್ಲಿ ನೀರು ಹಾಕಿದ್ರೆ, ಅಲ್ಯೂಮಿನಿಯಂ ಒಳಗಿಂದಾನೇ ತಿಂದು ಸಣ್ಣ ಸಣ್ಣ ತೂತು ಬೀಳ್ತವೆ, ದುಬಾರಿ ರೇಡಿಯೇಟರ್ರು ಅಂತ ಅದೇನು ಬಿಡಲ್ಲ. ಮತ್ತೆ ಗಾಡಿ ಸ್ಟಾಕ್ ಅಂತ ಹೇಳಿ ಮುಂದೆ ಮಾತ್ರ 50 ಮಿಲಿಮೀಟರ್ ರೇಡಿಯೇಟರ್ ಇದ್ರೆ ಸುಮ್ನೆ ಹಾಕ್ಸಿರಲ್ಲ, ಮ್ಯಾಪ್ ಹಾಕಿ ಓಡ್ಸಿ ಮಾರೋವಾಗ ವಾಪಸ್ ಸ್ಟಾಕ್ ಮಾಡಿರೋ ಚಾನ್ಸ್ ಐತೆ, ಇಲ್ಲಾ ಹೀಟಿಂಗ್ ಪ್ರಾಬ್ಲಂ ಬಗೆಹರೀದೆ ದೊಡ್ಡದು ಹಾಕಿ ಮುಚ್ಚಿದಾರೆ.

ಲೋಕಲ್ ಕೋರ್ ಹಾಕ್ಸಿರೋದು, ಬೆಸುಗೆ ಹಾಕ್ಸಿರೋದು. ಹೈವೇ ಪಕ್ಕ ಲಾರಿ ರೇಡಿಯೇಟರ್ ಕೆಲಸ ಮಾಡೋರು ನಮ್ಮಲ್ಲಿ ಇದಾರೆ, ತಾಮ್ರ ಹಿತ್ತಾಳೆ ರೇಡಿಯೇಟರ್ ಕೊಟ್ರೆ ಬಿಚ್ಚಿ, ರಾಡ್ ಹಾಕಿ ಟ್ಯೂಬ್ ಕ್ಲೀನ್ ಮಾಡಿ, ಬೆಸುಗೆ ಹಾಕಿ ಚೊಕ್ಕವಾಗಿ ಮಾಡ್ಕೊಡ್ತಾರೆ, ಅವ್ರ ಕೈ ಬಗ್ಗೆ ಎರಡು ಮಾತಿಲ್ಲ. ಈ ಸ್ಪೋರ್ಟ್ಸ್ ಗಾಡಿಗಳ ತೆಳು ಅಲ್ಯೂಮಿನಿಯಂ ಟ್ಯೂಬು, ಪ್ಲಾಸ್ಟಿಕ್ ಟ್ಯಾಂಕು ಆ ಕೆಲಸಕ್ಕೆ ಆಗಿಬರಲ್ಲ. ಟ್ಯಾಂಕಿನ ಮೇಲೆ ಎಂ-ಸೀಲ್ ಮೆತ್ತಿರೋದು ಕಂಡ್ರೆ ಅದು ಊರು ಮುಟ್ಟೋಕೆ ಮಾಡಿದ ಉಪಾಯ, ಅಂಥಾ ಗಾಡಿ ಎಷ್ಟು ದಿನ ಹಂಗೇ ಓಡಿದೆ ಅಂತ ಕೇಳ್ರಿ. ಕ್ಯಾಪ್ ತೆಗೆದಾಗ ಕೂಲಂಟ್ ಬಣ್ಣ ಹೋಗಿ ಕಂದು ರಾಡಿ ತರ ಇದ್ರೆ ಲೀಕ್ ನಿಲ್ಲಿಸೋ ಪುಡಿನೋ ದ್ರಾವಣನೋ ಸುರಿದಿರಬೋದು, ಅದು ರೇಡಿಯೇಟರ್ ಒಂದೇ ಅಲ್ಲ ಹೀಟರ್ ಕೋರನ್ನೂ ಕಟ್ಟಿಸುತ್ತೆ. ಎಣ್ಣೆ ಪೊರೆ ತೇಲ್ತಿದ್ರೆ ಅಲ್ಲಿಂದ ಹಂಗೇ ವಾಪಸ್ ಬಂದ್ಬಿಡ್ರಿ.

ಗುಜರಿ ಒರಿಜಿನಲ್ ಬಗ್ಗೆ ಒಂದೇ ಮಾತು: ಸಿಗದೇ ಇರೋ ಗಾಡಿಗೆ ಬೇರೆ ದಾರಿ ಇಲ್ದಾಗ, ಪ್ರೆಶರ್ ಟೆಸ್ಟ್ ಮಾಡ್ಸಿ ತಗೋಬೋದು, ಇಲ್ದಿದ್ರೆ ಬ್ಯಾಡ.

ಓಡಿಸಿ ನೋಡೋದು

ಕಣ್ಣಲ್ಲಿ ನೋಡಿದ್ದು ಸಾಲಲ್ಲ. ಓಬಿಡಿಗೆ (ಗಾಡಿ ಕಂಪ್ಯೂಟರ್ ಓದೋ ಸಾಕೆಟ್ಟಿಗೆ) ಹಾಕೋ ಬ್ಲೂಟೂತ್ ಡಾಂಗಲ್ ಒಂದು ತಗೊಳ್ರಿ, ಕೆಲವು ನೂರು ರೂಪಾಯಿಗೆ ಸಿಗುತ್ತೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಮೀಟರಲ್ಲಿ ಮುಳ್ಳು 90ರ ಮೇಲೆ ಅಲುಗಾಡದೇ ನಿಲ್ಲೋ ತರಾನೇ ಸೆಟ್ ಮಾಡಿದಾರೆ, ಒಳಗೆ ಟೆಂಪರೇಚರ್ 80 ಇದ್ರೂ 100 ಇದ್ರೂ ಅದು 90ನೇ ತೋರ್ಸುತ್ತೆ. ಡಾಂಗಲ್ಲು ನಿಜ ಹೇಳುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಎ.ಸಿ. ಹಾಕ್ಕೊಂಡು ಊರೊಳಗೆ ಒಂದು ರೌಂಡು, ಆಮೇಲೆ ಹೈವೇ ಹತ್ತಿ ಆನಗೋಡು ದಾಟಿ ಭರಮಸಾಗರದ ತನಕ ಹೋಗಿ ಬನ್ನಿ, ಬಂದು ಎಂಜಿನ್ ಆಫ್ ಮಾಡ್ದೆ ಹತ್ತು ನಿಮಿಷ ನಿಲ್ಲಿಸ್ರಿ. ನಿಂತಾಗ ಏರಿ, ಫ್ಯಾನ್ ಬಂದು, ಇಳೀಬೇಕು. ನಿಂತಾಗ ಏರ್ತಾನೇ ಹೋಗಿ ಓಡ್ಸಿದ್ರೆ ಇಳಿದ್ರೆ ಫ್ಯಾನ್, ಶ್ರೌಡ್ ಕಡೆ ಅನುಮಾನ. ಊರೊಳಗೆ ಸರಿ ಇದ್ದು ಹೈವೇಲಿ ಸ್ಪೀಡಾಗಿ ಹೋಗ್ತಾ ಏರಿದ್ರೆ ಕೋರ್ ಕಟ್ಕೊಂಡಿದೆ. ಇನ್ನು ಕೂಲಂಟ್ ಕಮ್ಮಿ ಆಗ್ತಿದ್ರೆ ಎಲ್ಲದಕ್ಕೂ ರೇಡಿಯೇಟರನ್ನೇ ಬೈಬ್ಯಾಡ್ರಿ, ಫೋಕ್ಸ್‌ವ್ಯಾಗನ್, ಸ್ಕೋಡಾದ ಈ 1.8, 2.0 ಟಿಎಸ್‌ಐ (ಟರ್ಬೋ ಪೆಟ್ರೋಲ್) ಎಂಜಿನಲ್ಲಿ ವಾಟರ್ ಪಂಪು ಥರ್ಮೋಸ್ಟಾಟ್ ಇರೋ ಪ್ಲಾಸ್ಟಿಕ್ ಹೌಸಿಂಗ್ ಸೋರೋದು ಎಲ್ಲರಿಗೂ ಗೊತ್ತಿರೋ ಕತೆ.

ಕ್ಯಾಪ್ ಸಣ್ಣ ಸಾಮಾನು ಅಂತ ಬಿಡಬ್ಯಾಡ್ರಿ. ಜಪಾನ್ ಗಾಡಿಲಿ ಸಾಮಾನ್ಯವಾಗಿ 1.1 ಅಂತ ಮೇಲೆ ಬರೆದಿರುತ್ತೆ, ಆ ಪ್ರೆಶರಲ್ಲಿ ನೀರು 120 ಡಿಗ್ರಿ ದಾಟೋ ತನಕ ಕುದಿಯಲ್ಲ. ಅಲ್ಯೂಮಿನಿಯಂ ರೇಡಿಯೇಟರ್ ಜೊತೆ 1.3ರ ಕ್ಯಾಪ್ ಹಾಕಿ ಹಳೇ ಹೋಸ್ ಹಂಗೇ ಬಿಟ್ಟಿದ್ರೆ ಮುಂದಿನ ಲೀಕು ಹೋಸಲ್ಲಿ.

ಹಂಗಾದ್ರೆ ಯಾರಿಗೆ ಯಾವುದು ಅಂದ್ರೆ, ಬಜೆಟ್ ಟೈಟಾಗಿದ್ದು ದಿನಾ ಓಡ್ಸೋರು ಹಳೇ ಒರಿಜಿನಲ್ ಇರೋ ಗಾಡಿ ತಗೊಂಡು, ರೇಟಲ್ಲಿ ಇಳಿಸಿದ ದುಡ್ಡಲ್ಲಿ ಹೊಸ ಕಂಪನಿ ಮಾಲು ಹಾಕ್ಸಿ. ಬಿಲ್ ಸಮೇತ ಹೊಸ ಕಂಪನಿ ರೇಡಿಯೇಟರ್ ಇದ್ದು, ಮುಂದ್ಗಡೆ ಹೊಡೆತ ಇಲ್ಲ ಅಂದ್ರೆ ಎಲ್ಲದಕ್ಕಿಂತ ಒಳ್ಳೇ ಗಾಡಿ ಅದೇ, ಸ್ವಲ್ಪ ಜಾಸ್ತಿ ಕೊಟ್ರೂ ಪರವಾಗಿಲ್ಲ. ರೀಮ್ಯಾಪ್ ಮಾಡ್ಸೋ ಪ್ಲ್ಯಾನ್ ಇರೋರಿಗೆ ಶ್ರೌಡ್ ಸಮೇತ ನೀಟಾಗಿ ಕೂತಿರೋ ಬ್ರಾಂಡೆಡ್ ಅಲ್ಯೂಮಿನಿಯಂದು ಲಾಭಾನೇ, ಮುಂದೆ ಆ ಖರ್ಚು ಉಳೀತು. ಶ್ರೌಡ್ ಇಲ್ದಿರೋದು, ಬಿಲ್ ಇಲ್ದಿರೋದು, ಯಾಕ್ ಹಾಕ್ಸಿದ್ರಿ ಅಂದ್ರೆ ಮಾತು ತಿರುಗ್ಸೋ ಪಾರ್ಟಿ, ಈ ಮೂರೂ ಒಂದೇ ಕಡೆ ಸಿಕ್ಕಿದ್ರೆ ರೇಟ್ ಎಷ್ಟೇ ಇಳಿಸ್ಲಿ ಬ್ಯಾಡ.

ಅಡ್ವಾನ್ಸ್ ಕೊಡೋಕೆ ಮುಂಚೆ ಇನ್ನೊಂದು ಕೇಳ್ರಿ, ಬಿಚ್ಚಿದ ಒರಿಜಿನಲ್ ರೇಡಿಯೇಟರ್ರು, ಶ್ರೌಡು ಎಲ್ಲೈತೆ ಅಂತ. ಅಪ್‌ಗ್ರೇಡ್ ಮಾಡ್ಸಿರೋ ಎಷ್ಟೋ ಜನ ಮನೆ ಅಟ್ಟದ ಮೇಲೆ ಎತ್ತಿಟ್ಟಿರ್ತಾರೆ, ಗಾಡಿ ಜೊತೆ ಸೇರ್ಸಿ ಕೊಡ್ರಿ ಅಂದ್ರೆ ಬಹಳ ಜನ ಇಲ್ಲ ಅನ್ನಲ್ಲ. ಅದು ಕೈಗೆ ಬಂದ್ರೆ ಟ್ಯಾಂಕಿನ ಮೇಲಿನ ಡೇಟೂ ಓದ್ಕೋಬೋದು, ಎಲ್ಲಿ ಸೋರಿತ್ತು ಅಂತಾನೂ ನೋಡ್ಕೋಬೋದು.